ನೋಡಿ ಬರುವ ಯಾತ್ರೆ ಸಾಕು, ಇದ್ದು ಬರುವ ಯಾತ್ರೆ ಬೇಕು



ನಮ್ಮ ಸಮಾಜದಲ್ಲಿ ಈಚೆಗೆ ಒಂದು ಹೊಸ ವ್ರತ ಸೇರಿಕೊಂಡಿದೆ. ಅದರ ಹೆಸರು ಪ್ಯಾಕೇಜ್ ಟೂರ್. 12 ದಿನ, 18 ಕ್ಷೇತ್ರ, ಊಟ ವಸತಿ ಸೇರಿ ತಲೆಗೆ ಇಂತಿಷ್ಟು ರೂಪಾಯಿ. ನಸುಕಿನ ನಾಲ್ಕಕ್ಕೆ ಎಬ್ಬಿಸುತ್ತಾರೆ, ರಾತ್ರಿ ಹನ್ನೊಂದಕ್ಕೆ ಮಲಗಿಸುತ್ತಾರೆ. ನಡುವೆ ಸರದಿಯಲ್ಲಿ ನಿಲ್ಲುವುದು, ಫೋಟೊ ತೆಗೆಸಿಕೊಳ್ಳುವುದು, ಓಡಿ ಬಂದು ಬಸ್ಸು ಹತ್ತುವುದು. ಊರಿಗೆ ಮರಳಿದ ಮೇಲೆ ಎಲ್ಲೆಲ್ಲಿ ಹೋಗಿದ್ದಿರಿ ಎಂದು ಕೇಳಿದರೆ ಊರುಗಳ ಹೆಸರು ಪಟಪಟ ಬರುತ್ತವೆ. ಏನು ಕಂಡಿರಿ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಬೇರೆಯವರು ಇದನ್ನು ಮಾಡಿಕೊಂಡಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಮಾಡುತ್ತಿರುವವರು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದ ನಾವು. ದೇವರನ್ನು ಹುಡುಕಿ ಊರೂರು ಅಲೆಯಬೇಕಿಲ್ಲ, ನದಿಯಲ್ಲಿ ಮುಳುಗಿದರೆ ಪಾಪ ಹೋಗುವುದಿಲ್ಲ ಎಂಬ ಅರಿವನ್ನು 12ನೆಯ ಶತಮಾನದಲ್ಲೇ ಪಡೆದ ಪರಂಪರೆಯವರು. ಈಗ ನೋಡಿದರೆ ಕೆಲವು ಕಡೆ ಮಠದ ಜಾತ್ರೆಯ ಕರಪತ್ರದ ಬೆನ್ನಿಗೇ ಟೂರಿನ ಜಾಹೀರಾತು ಅಚ್ಚಾಗುತ್ತಿದೆ. ಪೂಜ್ಯರ ಭಾವಚಿತ್ರದ ಕೆಳಗೆ ಎ.ಸಿ. ಬಸ್ಸಿನ ಚಿತ್ರ. ಸರ್ಕಾರಕ್ಕೂ ಇದು ಇಷ್ಟ. ಕ್ಷೇತ್ರದ ಅಭಿವೃದ್ಧಿ ಎಂದರೆ ಅದರ ಪಾಲಿಗೆ ಬರುವವರ ಸಂಖ್ಯೆ ಹೆಚ್ಚುವುದು, ಅಷ್ಟೇ.

ಈ ಲೇಖನದಲ್ಲಿ ನಾನು ಹೇಳುವ ಮಾತು ಒಂದೇ. ಒಂದು ಸ್ಥಳಕ್ಕೆ ಎಷ್ಟು ಜನ ಬರಬೇಕೆಂಬುದನ್ನು ಆ ಸ್ಥಳದ ತಾಳಿಕೆ ನಿರ್ಧರಿಸಬೇಕು, ಟೂರಿನವನ ಗಲ್ಲಾಪೆಟ್ಟಿಗೆಯಲ್ಲ. ಆ ಮಿತಿಯೊಳಗೆ ಬರುವವರು ನೋಡಿ ಓಡುವವರಾಗದೆ ಇದ್ದು, ದುಡಿದು, ಕಲಿತು ಹೋಗುವವರಾಗಬೇಕು. ಇದನ್ನು ಮೊದಲು ಮಾಡಿ ತೋರಿಸಬೇಕಾದವರು ನಮ್ಮ ಮಠಗಳು.

ಮೊದಲು ಲೆಕ್ಕ

ನಾನು ಸರ್ಕಾರಿ ಎಂಜಿನಿಯರಾಗಿ 30 ವರ್ಷಕ್ಕೂ ಮೇಲೆ ನೀರು ಸರಬರಾಜು, ಒಳಚರಂಡಿ ಕೆಲಸ ನೋಡಿದವನು. ಆದ್ದರಿಂದ ಭಕ್ತಿಯ ಮಾತಿಗಿಂತ ಮೊದಲು ಲೆಕ್ಕದ ಮಾತು.

ಒಂದು ಕ್ಷೇತ್ರಕ್ಕೆ ಸಂಕ್ರಮಣದ ದಿನ 1 ಲಕ್ಷ ಜನ ಬಂದರು ಎನ್ನೋಣ. ಯಾರೂ ರಾತ್ರಿ ತಂಗಲಿಲ್ಲ, ಬೆಳಿಗ್ಗೆ ಬಂದು ಸಂಜೆಗೆ ಹೋದರು. ಕಚೇರಿ ಕಟ್ಟಡಕ್ಕೆ ನೀರಿನ ಲೆಕ್ಕ ಹಾಕುವಾಗ ಹಗಲು ಇರುವ ಒಬ್ಬರಿಗೆ 45 ಲೀಟರ್ ಹಿಡಿಯುತ್ತೇವೆ. ಜಾತ್ರೆಯಲ್ಲಿ ಅಷ್ಟು ಎಲ್ಲಿ ಖರ್ಚಾಗುತ್ತದೆ ಎನ್ನುವವರಿದ್ದಾರೆ. ಸರಿ, 20 ಲೀಟರ್ ಹಿಡಿಯಿರಿ. ಒಂದು ದಿನಕ್ಕೆ 20 ಲಕ್ಷ ಲೀಟರ್ ಆಯಿತು. ಬಳಸಿದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬರುತ್ತದೆಂಬುದು ನಮ್ಮ ಇಲಾಖೆಯ ಮಾಮೂಲಿ ಲೆಕ್ಕ. ಅಂದರೆ 16 ಲಕ್ಷ ಲೀಟರ್. 10 ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 160 ಟ್ಯಾಂಕರ್. ಒಂದೇ ದಿನದ್ದು. ಕೆಲವೇ ಸಾವಿರ ಜನರಿರುವ ಊರಿನ ಸೆಪ್ಟಿಕ್ ಟ್ಯಾಂಕು, ತೆರೆದ ಗಟಾರು ಇದನ್ನು ಹೇಗೆ ತಾಳಬೇಕು? ತಾಳುವುದಿಲ್ಲ. ಇಳಿಜಾರು ಎಲ್ಲಿದೆಯೋ ಅಲ್ಲಿಗೆ ಹರಿಯುತ್ತದೆ. ನಮ್ಮ ಕ್ಷೇತ್ರಗಳಲ್ಲಿ ಹಲವು ಹೊಳೆಯ ದಂಡೆಯಲ್ಲಿವೆ, ಇಳಿಜಾರು ಹೊಳೆಯ ಕಡೆಗೇ ಇದೆ.

ಇನ್ನು ವಾಹನ. ಆ 1 ಲಕ್ಷದಲ್ಲಿ 20 ಸಾವಿರ ಜನ ಮಾತ್ರ ಕಾರಿನಲ್ಲಿ, ಕಾರಿಗೆ ಐದು ಜನರಂತೆ ಬಂದರು ಎನ್ನಿ. 4,000 ಕಾರು. ತಿರುಗಿಸುವ ಜಾಗವೂ ಸೇರಿ ಒಂದು ಕಾರು ನಿಲ್ಲಿಸಲು 23 ಚದರ ಮೀಟರ್ ಬೇಕು. ಒಟ್ಟು 92 ಸಾವಿರ ಚದರ ಮೀಟರ್, ಹತ್ತಿರಹತ್ತಿರ 23 ಎಕರೆ. ಇಷ್ಟು ಜಮೀನು ಯಾರದು? ಪಕ್ಕದ ರೈತನದು. ಅದೇ 20 ಸಾವಿರ ಜನರನ್ನು ದೂರದ ನಿಲ್ದಾಣದಿಂದ ಕರೆತರಲು 50 ಜನ ಕೂರುವ 40 ಬಸ್ಸು ದಿನಕ್ಕೆ 10 ಸಲ ಓಡಾಡಿದರೆ ಸಾಕು.

ಕಾಲುವೆ ಎಷ್ಟೇ ಅಗಲವಿರಲಿ, ನೀರು ಮುಂದೆ ಹೋಗುವುದು ಅದರಲ್ಲಿನ ಅತಿ ಕಿರಿದಾದ ತೂಬಿನ ಅಳತೆಗೆ. ಕ್ಷೇತ್ರದ ತಾಳಿಕೆಯೂ ಹಾಗೆಯೇ. ಕುಡಿಯುವ ನೀರು, ಶೌಚಾಲಯ, ಕೊಳಚೆ ಶುದ್ಧೀಕರಣ, ನಿಲ್ಲುವ ಜಾಗ ಈ ನಾಲ್ಕರಲ್ಲಿ ಯಾವುದು ಕಡಿಮೆಯೋ ಅದೇ ಆ ದಿನದ ಮಿತಿ. ಈ ಸಂಖ್ಯೆಯನ್ನು ಲೆಕ್ಕ ಹಾಕಿ ಬಾಗಿಲಿಗೆ ಬರೆದು ಹಾಕಿದ ಒಂದು ಕ್ಷೇತ್ರವನ್ನೂ ನನ್ನ ಸೇವಾವಧಿಯಲ್ಲಿ ನಾನು ನೋಡಲಿಲ್ಲ. ನೋಡಿದ್ದು ಬೇರೆ. ಒಂದು ಕ್ಷೇತ್ರಕ್ಕೆ ನಾವು ಶೌಚಾಲಯ ಮತ್ತು ಕೊಳಚೆ ಘಟಕದ ಅಂದಾಜುಪಟ್ಟಿ ಕಳಿಸಿದೆವು, ಮಹಾದ್ವಾರದ ಅಂದಾಜುಪಟ್ಟಿಯೂ ಜೊತೆಗೇ ಹೋಯಿತು. ಮಹಾದ್ವಾರ ಮಂಜೂರಾಯಿತು. ಕೊಳಚೆ ಘಟಕ ಮುಂದಿನ ವರ್ಷಕ್ಕೆ ಹೋಯಿತು, ಅದರ ಮುಂದಿನ ವರ್ಷಕ್ಕೂ ಹೋಯಿತು. ಕೊಳಚೆ ಘಟಕದ ಉದ್ಘಾಟನೆಗೆ ಯಾರ ಹೆಸರಿನ ಕಲ್ಲು ನೆಡುವುದು?

ಹಿಮಾಲಯ ಕಲಿಸಿದ್ದು

ಉತ್ತರ ಕರ್ನಾಟಕದಿಂದ ಹೊರಡುವ ಟೂರುಗಳಲ್ಲಿ ಕೇದಾರ ಇದ್ದೇ ಇರುತ್ತದೆ. ಅದರ ಮಾತನ್ನೇ ತೆಗೆದುಕೊಳ್ಳಿ. ಸಮುದ್ರ ಮಟ್ಟದಿಂದ 3,500 ಮೀಟರಿಗೂ ಮೇಲೆ, ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ಮೇಲೆ ಇರುವ ಪುಟ್ಟ ಊರು ಅದು. 2013ರ ಜೂನ್ 16 ಮತ್ತು 17ರಂದು ಮೇಘ ಸುರಿದು, ಮೇಲಿದ್ದ ಚೋರಾಬಾರಿ ಕೆರೆ ಒಡೆದು ಮಂದಾಕಿನಿ ಕಣಿವೆಯನ್ನು ತೊಳೆದುಕೊಂಡು ಹೋಯಿತು. ಉತ್ತರಾಖಂಡದಲ್ಲಿ ಸಾವಿರಾರು ಜನ ಸತ್ತರು. ಮಳೆ ನಿಸರ್ಗದ್ದು, ನಿಜ. ಆದರೆ ಹೊಳೆಯ ಪಾತ್ರದಲ್ಲೇ ಲಾಡ್ಜು, ಹೋಟೆಲು ಕಟ್ಟಿದ್ದು ನಿಸರ್ಗವಲ್ಲ.

ಇಷ್ಟಾದ ಮೇಲೆ ಏನು ಮಾಡಿದೆವು? ಜನ ಕಡಿಮೆ ಮಾಡಿದೆವೆ? 2023ರಲ್ಲಿ ಕೇದಾರಕ್ಕೆ 19 ಲಕ್ಷಕ್ಕೂ ಹೆಚ್ಚು ಜನ ಹೋದರು. ಅಲ್ಲಿನ ಹಂಗಾಮು ವರ್ಷಕ್ಕೆ ಸುಮಾರು ಆರು ತಿಂಗಳು. ದಿನಕ್ಕೆ ಸರಾಸರಿ 10 ಸಾವಿರ. ಅವರನ್ನು ಹೊತ್ತು ಹತ್ತುವ ಕುದುರೆ, ಹೇಸರಗತ್ತೆಗಳು 2022ರ ಹಂಗಾಮಿನಲ್ಲಿ ಸತ್ತು ಬಿದ್ದ ಸುದ್ದಿ ಉಚ್ಚ ನ್ಯಾಯಾಲಯದ ತನಕ ಹೋಯಿತು. ದಯೆಯ ಮೇಲೆ ನಿಂತ ಧರ್ಮ ನಮ್ಮದು ಎನ್ನುತ್ತೇವೆ. ಬಳಲಿದ ಮೂಕಪ್ರಾಣಿಯ ಬೆನ್ನೇರಿ ದೇವರನ್ನು ನೋಡಿ ಬಂದವರು ಆ ಮಾತನ್ನು ಯಾವ ಬಾಯಲ್ಲಿ ಹೇಳಬೇಕು?

ಬದರಿಯ ದಾರಿಯಲ್ಲಿರುವ ಜೋಶಿಮಠದ ಕಥೆ ಎಂಜಿನಿಯರರಿಗೆ ಇನ್ನೂ ನಾಚಿಕೆಗೇಡಿನದು. ಆ ಊರು ಹಳೆಯ ಭೂಕುಸಿತದ ರಾಶಿಯ ಮೇಲೆ ಕೂತಿದೆ, ಅಲ್ಲಿ ಭಾರೀ ಕಟ್ಟಡ ಬೇಡ, ಬಂಡೆ ಸಿಡಿಸಬೇಡಿ ಎಂದು ಮಿಶ್ರಾ ಸಮಿತಿ 1976ರಲ್ಲೇ ಬರೆದು ಕೊಟ್ಟಿತ್ತು. ವರದಿ ಕಪಾಟು ಸೇರಿತು. ಹೋಟೆಲು ಎದ್ದವು, ರಸ್ತೆ ಅಗಲವಾಯಿತು, ಜಲವಿದ್ಯುತ್ ಯೋಜನೆಗೆ ಸುರಂಗ ಬಂತು. 2023ರ ಜನವರಿಯಲ್ಲಿ ಮನೆಗಳ ಗೋಡೆ ಬಿರಿದವು. ಊರು ಬಿಟ್ಟು ಹೊರಟವರು ಯಾತ್ರಿಕರಲ್ಲ, ಅಲ್ಲೇ ಹುಟ್ಟಿ ಬೆಳೆದವರು. ಯಾತ್ರಿಕರಾದ ನಾವು ಅಷ್ಟರಲ್ಲಿ ನಮ್ಮ ನಮ್ಮ ಮನೆಯಲ್ಲಿ ಫೋಟೊ ತೋರಿಸುತ್ತ ಕೂತಿದ್ದೆವು.

ಹಿಮಾಲಯ ದೂರವಾಯಿತು ಎನ್ನುವವರು ಹಂಪಿಯನ್ನು ನೋಡಲಿ. ಹೊಳೆಯಾಚೆ ವಿರೂಪಾಪುರಗಡ್ಡೆಯಲ್ಲಿ ವರ್ಷಗಟ್ಟಲೆ ರೆಸಾರ್ಟುಗಳು ಬೆಳೆಯಲು ಬಿಟ್ಟರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ ಎಲ್ಲವನ್ನೂ ಕೆಡವಿದರು. ಅದಕ್ಕೂ ಮೊದಲು 2011ರಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಿದರು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಠ ಗಮನಿಸಿ. ಮಿತಿಯನ್ನು ಮೊದಲೇ ಹಾಕದಿದ್ದರೆ ಕಡೆಗೆ ಜೆ.ಸಿ.ಬಿ. ಬಂದು ಹಾಕುತ್ತದೆ. ಆಗ ಬೀದಿಗೆ ಬೀಳುವವರು ಸಣ್ಣ ಅಂಗಡಿಯವರು, ಅಡುಗೆಯವರು, ಆಟೊದವರು.

ನಮ್ಮ ಅಂಗಳದಲ್ಲಿ

ಈಗ ಮನೆಯ ಮಾತು. ಬಾಗಲಕೋಟೆ ಜಿಲ್ಲೆಯಲ್ಲಿ ಓಡುವ ಒಂದು ದಿನದ ಟೂರಿನ ಕರಪತ್ರ ನನ್ನ ಮುಂದಿದೆ. ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಕಡೆಗೆ ಆಲಮಟ್ಟಿಯ ಉದ್ಯಾನ ಮತ್ತು ಸಂಗೀತ ಕಾರಂಜಿ. ಕೂಡಲಸಂಗಮಕ್ಕೆ ಮುಕ್ಕಾಲು ಗಂಟೆ, ಕಾರಂಜಿಗೆ ಒಂದೂವರೆ ಗಂಟೆ. ಅಪ್ಪ ಬಸವಣ್ಣನವರು ಬಾಲ್ಯದ ವಿದ್ಯೆ ಕಲಿತ, ಕಡೆಗೆ ಐಕ್ಯರಾದ ಸ್ಥಳಕ್ಕೆ ಮುಕ್ಕಾಲು ಗಂಟೆ! ಅದರಲ್ಲಿ ಚಪ್ಪಲಿ ಬಿಡುವುದು, ಹುಡುಕುವುದು, ಮಂಡಕ್ಕಿ ತಿನ್ನುವುದು ಕಳೆದರೆ ಉಳಿಯುವುದೆಷ್ಟು?

ಕೃಷ್ಣೆ ಮಲಪ್ರಭೆಯರು ಕೂಡುವ ಆ ಜಾಗದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರಿಗೆ ಐಕ್ಯಸ್ಥಳ ಮುಳುಗಬಾರದೆಂದು ಸುತ್ತ ದೊಡ್ಡ ಬಾವಿಯಂತೆ ಗೋಡೆ ಕಟ್ಟಿ, ಮೆಟ್ಟಿಲಿಳಿದು ಹೋಗುವಂತೆ ಮಾಡಿದ್ದಾರೆ. ಆ ಗೋಡೆ ಹೊರಗಿನ ನೀರನ್ನು ಚೆನ್ನಾಗಿ ತಡೆಯುತ್ತದೆ. ಒಳಗೆ ಇಳಿಯುವ ಜನವನ್ನು ಯಾವುದು ತಡೆಯುತ್ತದೆ? ದುಂಡನೆಯ ಬಾವಿಗೆ ವಿಸ್ತೀರ್ಣ ಒಂದೇ. ಇಳಿಯುವ ದಾರಿ, ಹತ್ತುವ ದಾರಿ, ಉಸಿರಾಡುವ ಗಾಳಿ ಎಲ್ಲಕ್ಕೂ ಅಳತೆ ಇದೆ. ಜನ ಒಬ್ಬರ ಮೇಲೊಬ್ಬರು ನುಗ್ಗುವ ಹೊತ್ತಿನಲ್ಲಿ ಅಲ್ಲಿ ಧ್ಯಾನ ಎಲ್ಲಿ, ಮೌನ ಎಲ್ಲಿ? ಒಬ್ಬರು ಕಾಲು ಜಾರಿದರೆ ಹೊಣೆ ಯಾರದು?

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪದ ಕೆಲಸಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ನೂರಾರು ಕೋಟಿಯ ಕೆಲಸ. 770 ಅಮರಗಣಂಗಳ ನೆನಪಿಗೆ 770 ಕಂಬಗಳೆಂದು ಯೋಜನೆಯಲ್ಲಿದೆ. ನಾನು ಅದರ ವಿರೋಧಿಯಲ್ಲ. ಕಟ್ಟಡ ಕಟ್ಟಿ ಬದುಕಿದವನು ಕಟ್ಟಡವನ್ನು ಬೈಯಲಾರೆ. ಆದರೆ ನಾಲ್ಕು ಪ್ರಶ್ನೆ ಕೇಳುವ ಹಕ್ಕು ಪ್ರತಿಯೊಬ್ಬ ಶರಣನಿಗೂ ಇದೆ. ದಿನಕ್ಕೆ ಎಷ್ಟು ಜನ ಬರುತ್ತಾರೆಂದು ಹಿಡಿದಿದ್ದೀರಿ? ಅವರಿಗೆ ನೀರು ಎಲ್ಲಿಂದ? ಬೇಸಿಗೆಯಲ್ಲಿ ಊರಿನವರ ನಲ್ಲಿಯಿಂದಲೇ? ಕೊಳಚೆ ಎಲ್ಲಿಗೆ? ಬಂದವರು ಕೂತು ಮಾತಾಡುವ ವ್ಯವಸ್ಥೆ ಏನು? ಇವಕ್ಕೆ ಉತ್ತರವಿದ್ದರೆ ಜನರ ಮುಂದೆ ಪ್ರಕಟಿಸಿ. ಹಳೆಯ ಅನುಭವ ಮಂಟಪದ ಹಿರಿಮೆ ಕಂಬಗಳ ಲೆಕ್ಕದಲ್ಲಿರಲಿಲ್ಲ. ಅಲ್ಲಿ ಅಂಬಿಗ, ಮಡಿವಾಳ, ಸಮಗಾರ ಒಂದೇ ನೆಲದ ಮೇಲೆ ಕೂತು ಮಾತಾಡಿದರು. ಜನ ಸುತ್ತು ಹಾಕಿ ಹೊರಬರುವ ಮಂಟಪ ಎಷ್ಟೇ ಎತ್ತರವಾದರೂ ಅದು ಪ್ರದರ್ಶನ ಶಾಲೆ.

ಕಲ್ಯಾಣಕ್ಕೆ ಬಂದವರು ಪ್ರವಾಸಿಗರಲ್ಲ

12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದಷ್ಟು ದೂರದ ಜನ ಕನ್ನಡ ನಾಡಿನ ಬೇರಾವ ಊರಿಗೆ ಬಂದರು? ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಅಫ್ಘಾನಿಸ್ತಾನದ ಕಡೆಯಿಂದ ಮರುಳಶಂಕರದೇವರು ಬಂದರೆಂದು ಪ್ರತೀತಿ. ಉಡುತಡಿಯಿಂದ ಅಕ್ಕ ಮಹಾದೇವಿ ನಡೆದು ಬಂದರು.

ಬಂದು ಏನು ಮಾಡಿದರು? ಅರಸೊತ್ತಿಗೆ ಬಿಟ್ಟು ಬಂದ ಮಾರಯ್ಯನವರು ಕಟ್ಟಿಗೆ ಹೊರೆ ಹೊತ್ತು ಮಾರಿ ಬದುಕಿದರು. ಮರುಳಶಂಕರದೇವರು ಪ್ರಸಾದಕುಂಡದ ಬಳಿ ಯಾರ ಕಣ್ಣಿಗೂ ಬೀಳದೆ ಸೇವೆಯಲ್ಲಿದ್ದರು. ಅಕ್ಕ ಅನುಭವ ಮಂಟಪದಲ್ಲಿ ಪ್ರಶ್ನೆಗಳನ್ನು ಎದುರಿಸಿ ನಿಂತರು. ನೋಡಿಕೊಂಡು ಹೋಗಲು ಬಂದವರು ಇವರಲ್ಲಿ ಒಬ್ಬರೂ ಇಲ್ಲ. ಊರಿಗೆ ಹೊರೆಯಾಗಲಿಲ್ಲ, ಊರಿನ ಹೊರೆ ಹೊತ್ತರು. ಜಂಗಮ ಎಂದರೆ ಇದು. ಕಾಲು ಚಲಿಸಿದ ಮಾತ್ರಕ್ಕೆ ಜಂಗಮವಾಗುವುದಿಲ್ಲ. ಹಾಗಿದ್ದರೆ ಟೂರಿಸ್ಟ್ ಬಸ್ಸಿನ ಚಾಲಕನಿಗಿಂತ ದೊಡ್ಡ ಜಂಗಮನಿಲ್ಲ.

ಇನ್ನು ಮಿತಿಯ ಮಾತು. ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವರು. ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ತಂದರು. ಲಕ್ಕಮ್ಮನವರು ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲಿಗೇ ಚೆಲ್ಲಿ ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಇಂದು ಪರಿಸರದವರು ಧಾರಣಶಕ್ತಿ ಎಂಬ ದೊಡ್ಡ ಪದ ಬಳಸುತ್ತಾರೆ. ಅದರ ತಿರುಳನ್ನು ಒಬ್ಬ ಹೆಣ್ಣುಮಗಳು ಮೊರದಲ್ಲಿ ಅಳೆದು ತೋರಿಸಿ ಎಂಟು ನೂರು ವರ್ಷ ದಾಟಿದೆ. ನಾವು ಅವರ ಹೆಸರಿನಲ್ಲಿ ಜಯಂತಿ ಮಾಡುತ್ತೇವೆ, ಜಯಂತಿಯ ಊಟದಲ್ಲಿ ಪ್ಲಾಸ್ಟಿಕ್ ಲೋಟ ಎಸೆಯುತ್ತೇವೆ.

ಹಣದ ಬೇಲಿ ನಮಗೆ ಬೇಡ

ಜನಜಂಗುಳಿಯಿಂದ ಬೇಸತ್ತ ಊರುಗಳು ಜಗತ್ತಿನಲ್ಲಿ ಹಲವಿವೆ. ಇಟಲಿಯ ವೆನಿಸ್ 2024ರಲ್ಲಿ ಕೆಲವು ದಿನ ಬಂದುಹೋಗುವವರ ಮೇಲೆ 5 ಯೂರೊ ಪ್ರವೇಶ ಶುಲ್ಕ ಹಾಕಿತು. ಸ್ಪೇನಿನ ಬಾರ್ಸಿಲೋನಾದಲ್ಲಿ ಅದೇ ವರ್ಷ ಬಾಡಿಗೆ ಏರಿ ಕಂಗೆಟ್ಟ ಜನ ಬೀದಿಗಿಳಿದು ಪ್ರವಾಸಿಗರ ಮೇಲೆ ಆಟದ ಪಿಚಕಾರಿಯಿಂದ ನೀರು ಚಿಮುಕಿಸಿದರು. ನಮ್ಮ ನೆರೆಯ ಭೂತಾನ್ ವಿದೇಶಿ ಪ್ರವಾಸಿಗರಿಗೆ ದಿನಕ್ಕೆ 200 ಡಾಲರ್ ಶುಲ್ಕ ಇಟ್ಟು 2023ರಲ್ಲಿ 100ಕ್ಕೆ ಇಳಿಸಿತು. ಭಾರತೀಯರಿಗೆ ದಿನಕ್ಕೆ 1,200 ರೂಪಾಯಿ.

ಭೂತಾನದ ಕಾಡು, ಹೊಳೆ ಉಳಿದಿವೆ, ಒಪ್ಪೋಣ. ಆದರೆ ಹಣದ ಬೇಲಿ ಹಾಕಿದರೆ ಒಳಗೆ ಹೋಗುವವನು ಉಳ್ಳವನು, ಹೊರಗುಳಿಯುವವನು ಇಲ್ಲದವನು. ನಮ್ಮ ಕ್ಷೇತ್ರಗಳಲ್ಲೂ ವಿಶೇಷ ದರ್ಶನದ ಚೀಟಿ, ವಿ.ಐ.ಪಿ. ಸರದಿ ಎಂಬ ಪಿಡುಗು ಕಾಲಿಡುತ್ತಿದೆ. ಬಸವತತ್ವದಲ್ಲಿ ಇದಕ್ಕೆ ಜಾಗವೇ ಇಲ್ಲ. ಪರಿಸರಸ್ನೇಹಿ ಎಂದು ಹಲಗೆ ಹಾಕಿ ಒಂದು ರಾತ್ರಿಗೆ 20 ಸಾವಿರ ಕೀಳುವ ರೆಸಾರ್ಟು ಕೂಡ ನನಗೆ ಪರ್ಯಾಯವಾಗಿ ಕಾಣುವುದಿಲ್ಲ. ಕಾಡನ್ನು ಉಳ್ಳವರಿಗೆ ಮೀಸಲಿಟ್ಟದ್ದಕ್ಕೆ ಹಸಿರು ಬಣ್ಣ ಬಳಿದಂತೆ ಅದು.

ನಿಜವಾದ ಪರ್ಯಾಯ ಬೇರೆ ಕಡೆ ಇದೆ. ಮೂರು ಊರು ಹೇಳುತ್ತೇನೆ.

ಸಿಕ್ಕಿಂನ ಲಾಚೆನ್ ಪುಟ್ಟ ಬೆಟ್ಟದೂರು. ಅಲ್ಲಿ ಜುಮ್ಸಾ ಎಂಬ ಹಳೆಯ ಊರಪಂಚಾಯ್ತಿ ಇದೆ. ಪ್ರವಾಸಿಗರು ಎಸೆದ ನೀರಿನ ಬಾಟಲಿಗಳ ರಾಶಿ ನೋಡಿ ಆ ಪಂಚಾಯ್ತಿ 2012ರಲ್ಲೇ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷೇಧಿಸಿತು. 2022ರಲ್ಲಿ ಇಡೀ ಸಿಕ್ಕಿಂ ಸರ್ಕಾರ ಅದೇ ದಾರಿ ಹಿಡಿಯಿತು. ಸರ್ಕಾರಕ್ಕೆ 10 ವರ್ಷ ಮೊದಲು ಊರಿನ ಹಿರಿಯರ ಮಾತು ನಡೆಯಿತು. ನಮ್ಮ ಹಳ್ಳಿಗಳಲ್ಲಿ ಅಂಥ ಮಾತು ನಡೆಯುವುದು ಮಠದಿಂದ.

ಕೇರಳದ ಕುಮರಕೋಂ ಹಿನ್ನೀರಿನ ಊರು. ಹೋಟೆಲುಗಳಿಗೂ ಊರವರಿಗೂ ತಿಕ್ಕಾಟವಿತ್ತು. 2008ರಿಂದ ಅಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮ ಎಂಬ ಪ್ರಯೋಗ ಶುರುವಾಯಿತು. ಹೋಟೆಲಿಗೆ ಬೇಕಾದ ತರಕಾರಿಯನ್ನು ಅದೇ ಊರಿನ ಕುಡುಂಬಶ್ರೀ ಮಹಿಳಾ ಗುಂಪುಗಳು ಬೆಳೆದು ಕೊಡುವ ಏರ್ಪಾಡಾಯಿತು. ಬಂದವರ ಹಣ ಊರಿನ ಒಲೆಗೆ ತಲುಪಿತು. ಹಂಪಿಯ ಮಗ್ಗುಲಿನ ಆನೆಗೊಂದಿಯಲ್ಲೂ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಚಾಪೆ ಮಾಡಿ ಮಾರುವ ಕೆಲಸ ನಡೆದುಬಂದಿದೆ.

ಮೂರನೆಯದು ನಮ್ಮದೇ ಕೊಪ್ಪಳ. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳ ತಾಯಂದಿರು ಬಡಿದ ಜೋಳದ ರೊಟ್ಟಿ ಚಕ್ಕಡಿ, ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಜಾತ್ರೆಯ ಜೊತೆಗೆ ಪ್ರತಿ ವರ್ಷ ಒಂದು ವಿಷಯ ಹಿಡಿದು ಜಾಗೃತಿ ನಡಿಗೆ. ಅಲ್ಲಿನ ಪೂಜ್ಯರು ಜನರನ್ನು ಕಟ್ಟಿಕೊಂಡು ಹಿರೇಹಳ್ಳದ ಹೂಳೆತ್ತಿಸಿದ್ದನ್ನು ನಾಡೇ ಕಂಡಿದೆ. ಜನ ಸೇರುವುದು ತಪ್ಪಲ್ಲ. ಸೇರಿದ ಜನ ಹಳ್ಳವನ್ನು ಕೆಡಿಸುತ್ತಾರೋ ಹಸನು ಮಾಡುತ್ತಾರೋ ಎಂಬುದೇ ಪ್ರಶ್ನೆ. ಕೊಪ್ಪಳ ಒಂದು ಉತ್ತರ ಕೊಟ್ಟಿದೆ.

ಎದುರು ಬರುವ ಮಾತುಗಳು

"ಬಡವರು ಈಗಷ್ಟೇ ಊರು ನೋಡಲು ಹೊರಟಿದ್ದಾರೆ, ಈಗ ಬಾಗಿಲು ಹಾಕುತ್ತೀರಾ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಕ್ಷೇತ್ರಗಳಲ್ಲಿ ಜನ ಹೆಚ್ಚಿದರೆಂದು ಗೇಲಿ ಮಾಡಿದವರನ್ನು ನಾನು ಕಂಡಿದ್ದೇನೆ. ಗೇಲಿ ಮಾಡಿದವರು ಬಂದದ್ದು ಒಬ್ಬರಿಗೊಂದು ಕಾರಿನಲ್ಲಿ. ತಾಲ್ಲೂಕು ದಾಟದೆ 50 ವರ್ಷ ಕಳೆದ ತಾಯಿ ಕೆಂಪು ಬಸ್ಸು ಹತ್ತಿ ಕೂಡಲಸಂಗಮ ನೋಡಿದ್ದು ಅಕ್ಕನ ದಾರಿಯಲ್ಲಿ ಇಟ್ಟ ಹೆಜ್ಜೆ. ಭೂಮಿಗೆ ಭಾರವಾಗಿರುವುದು ಆ ತಾಯಿಯಲ್ಲ. ಅದಕ್ಕೇ ನಾನು ಮಿತಿ ಸಂಖ್ಯೆಯಲ್ಲಿರಲಿ, ಹಣದಲ್ಲಿ ಬೇಡ ಎನ್ನುವುದು. ಮುಂಗಡ ಹೆಸರು ಬರೆಸುವ ಪದ್ಧತಿ ಈಗಾಗಲೇ ನಮ್ಮ ರಾಜ್ಯದ ಚಾರಣದ ದಾರಿಗಳಿಗೆ ಬಂದಿದೆ. ಕ್ಷೇತ್ರಗಳಿಗೂ ಬರಲಿ, ಆದರೆ ಪುಕ್ಕಟೆ ಇರಲಿ. ಸರ್ಕಾರಿ ಬಸ್ಸು, ರೈಲಿನಲ್ಲಿ ಬರುವವರಿಗೆ ಮತ್ತು ನಡೆದು ಬರುವವರಿಗೆ ಮೊದಲ ಪಾಲು ಇರಲಿ. ಮೊಬೈಲು ಬಾರದವರಿಗೆ ಊರಿನ ಮಠದಲ್ಲೇ ಹೆಸರು ಬರೆದುಕೊಳ್ಳಲಿ.

"ಜನ ಕಡಿಮೆಯಾದರೆ ಅಂಗಡಿಯವರ ಗತಿ?" ಎಂಬುದು ಎರಡನೆಯದು. ಮುಕ್ಕಾಲು ಗಂಟೆ ನಿಲ್ಲುವ ನೂರು ಜನ ಊರಿನಲ್ಲಿ ಬಿಡುವುದು ಒಂದು ಚಹಾದ ಹಣ ಮತ್ತು ಒಂದು ಖಾಲಿ ಬಾಟಲಿ. ಮೂರು ರಾತ್ರಿ ಇರುವ 20 ಜನ ರೊಟ್ಟಿ, ಮೊಸರು, ಕಾಯಿಪಲ್ಯ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎಲ್ಲವನ್ನೂ ಕೊಳ್ಳುತ್ತಾರೆ. ಲೆಕ್ಕ ನೀವೇ ಹಾಕಿ.

ಮೂರನೆಯದು ನಮ್ಮವರೇ ಹೇಳುವ ಮಾತು. "ಜನ ಹೆಚ್ಚು ಬಂದಷ್ಟೂ ಬಸವತತ್ವ ಹರಡುತ್ತದೆ." ಹರಡಿದ್ದರೆ ಸಂತೋಷಪಡುತ್ತಿದ್ದೆ. ಐಕ್ಯಸ್ಥಳದಿಂದ ಹೊರಬಂದ ಹತ್ತು ಜನರನ್ನು ನಿಲ್ಲಿಸಿ ಬಸವಣ್ಣನವರು ಗುಡಿ ಕಟ್ಟುವುದರ ಬಗ್ಗೆ ಏನು ಹೇಳಿದರೆಂದು ಕೇಳಿ ನೋಡಿ. ನೂಕುನುಗ್ಗಲಿನಲ್ಲಿ ಹರಡುವುದು ನೆಗಡಿ, ತತ್ವವಲ್ಲ.

ಮಠಗಳಲ್ಲಿ ನನ್ನ ವಿನಂತಿ

ಮಠಾಧೀಶರಲ್ಲಿ, ಬಸವಪರ ಸಂಘಟನೆಗಳಲ್ಲಿ ಐದು ವಿನಂತಿ ಇಡುತ್ತೇನೆ.

ಒಂದು, ಯಾವ ಮಠವೂ ಒಂದು ದಿನಕ್ಕೆ ಎರಡು ಕ್ಷೇತ್ರಕ್ಕಿಂತ ಹೆಚ್ಚು ಸುತ್ತಿಸುವ ಟೂರಿಗೆ ತನ್ನ ಹೆಸರು, ಪೂಜ್ಯರ ಚಿತ್ರ ಕೊಡಬಾರದು.

ಎರಡು, ಅದರ ಬದಲು ಮೂರು ರಾತ್ರಿಯ ಯಾತ್ರೆ ಶುರುವಾಗಲಿ. ಶಾಲಾ ರಜೆಯಲ್ಲಿ ನಮ್ಮ ಪ್ರಸಾದ ನಿಲಯಗಳು ಖಾಲಿ ಇರುತ್ತವೆ. ಹೊಸ ಯಾತ್ರಿ ನಿವಾಸ ಕಟ್ಟುವ ಅಗತ್ಯವೇ ಇಲ್ಲ. ಬೆಳಿಗ್ಗೆ ಇಷ್ಟಲಿಂಗ ಪೂಜೆ, ಆಮೇಲೆ ಅರ್ಧ ದಿನ ಕಾಯಕ. ಹೊಳೆದಂಡೆ ಸ್ವಚ್ಛ ಮಾಡುವುದು, ಗಿಡಕ್ಕೆ ನೀರುಣಿಸುವುದು, ದಾಸೋಹದ ಅಡುಗೆಗೆ ಕೈಹಚ್ಚುವುದು. ಸಂಜೆ ವಚನ ಚಿಂತನೆ. ಇದಕ್ಕೆ ಆಲಮಟ್ಟಿ ರೈಲು ನಿಲ್ದಾಣದಲ್ಲಿಳಿದು ಬಸ್ಸಿನಲ್ಲಿ ಕೂಡಲಸಂಗಮಕ್ಕೆ, ಹುಮನಾಬಾದಿನಲ್ಲಿಳಿದು ಬಸವಕಲ್ಯಾಣಕ್ಕೆ ಬರಬಹುದು.

ಮೂರು, ದಾಸೋಹದ ರೊಟ್ಟಿ, ಪಲ್ಯ, ಮೊಸರು ಆಯಾ ಊರಿನ ಸ್ವಸಹಾಯ ಸಂಘಗಳಿಂದ ನ್ಯಾಯವಾದ ಬೆಲೆಗೆ ಬರಲಿ. ತಟ್ಟೆ, ಲೋಟ ಸ್ಟೀಲಿನದಿರಲಿ, ಉಂಡವರೇ ತೊಳೆಯಲಿ. ಉಂಡ ತಟ್ಟೆ ತೊಳೆಯುವುದು ಅವಮಾನವೆಂದು ಯಾವ ಶರಣರೂ ಹೇಳಿಲ್ಲ.

ನಾಲ್ಕು, ಪ್ರತಿ ಕ್ಷೇತ್ರದ ತಾಳಿಕೆಯ ಸಂಖ್ಯೆಯನ್ನು ನಾನು ಮೇಲೆ ಹೇಳಿದ ನಾಲ್ಕು ಅಳತೆಯಲ್ಲಿ ಲೆಕ್ಕ ಹಾಕಿ ದ್ವಾರದಲ್ಲಿ ಬರೆಸಬೇಕು. ಸರ್ಕಾರ ಮಾಡದಿದ್ದರೆ ನಾವೇ ಮಾಡೋಣ. ನಮ್ಮ ಸಮಾಜದಲ್ಲಿ ನಿವೃತ್ತ ಎಂಜಿನಿಯರರಿಗೆ ಬರವಿಲ್ಲ. ಸನ್ಮಾನದ ಶಾಲು ಹೊದಿಸಿ ಕೂರಿಸುವ ಬದಲು ಈ ಕೆಲಸ ಹಚ್ಚಿ.

ಐದು, ಕ್ಷೇತ್ರಾಭಿವೃದ್ಧಿಗೆಂದು ಬರುವ ಹಣದಲ್ಲಿ ಮೊದಲ ಬಿಲ್ಲು ಕೊಳಚೆ ಶುದ್ಧೀಕರಣದ್ದಾಗಲಿ, ಎರಡನೆಯದು ಶೌಚಾಲಯದ್ದು. ಮೂರ್ತಿ, ದ್ವಾರ, ದೀಪಾಲಂಕಾರ ಆಮೇಲೆ. ಈ ಕ್ರಮ ಒಪ್ಪದ ಯೋಜನೆಯ ಶಂಕುಸ್ಥಾಪನೆಗೆ ಪೂಜ್ಯರು ಹೋಗಬಾರದು. ಈ ಒಂದು ಮಾತು ನಡೆದರೆ ಉಳಿದದ್ದನ್ನು ಅಧಿಕಾರಿಗಳು ತಾವೇ ಸರಿ ಮಾಡುತ್ತಾರೆ. ಅವರು ಯಾವುದಕ್ಕೆ ಅಂಜುತ್ತಾರೆಂದು ನನಗೆ ಗೊತ್ತು.

ಕೂಡಲಸಂಗಮಕ್ಕೆ ಹತ್ತಿರದ ಇಳಕಲ್ಲಿನಲ್ಲಿ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ನಡೆದರು. ಅವರು ಬೇಡಿದ್ದು ಹಣವನ್ನಲ್ಲ, ಕುಡಿತ, ತಂಬಾಕು ಮುಂತಾದ ದುಶ್ಚಟಗಳನ್ನು. ಜನ ಹಾಕಿದರು, ಹಾಕಿ ಬದುಕಿದರು. ಇಂದು ಓಡೋಡಿ ನೋಡುವ ಈ ಹೊಸ ಚಟವನ್ನು ಬೇಡಲು ಪೂಜ್ಯರು ಮತ್ತೆ ಆ ಜೋಳಿಗೆ ಹಿಡಿಯಲಿ. ಮೊದಲು ಜೋಳಿಗೆ ಮಠದ ಕಚೇರಿಯ ಮುಂದೆಯೇ ನಿಲ್ಲಲಿ, ಅಲ್ಲಿ ಟೂರಿನ ಕರಪತ್ರಗಳ ಕಟ್ಟು ಬೀಳಲಿ. ಆಮೇಲೆ ನಮ್ಮ ಮನೆಗಳಿಗೆ ಬರಲಿ. ಹಾಕಲು ನಾವು ಸಿದ್ಧರಿರೋಣ.